ಬ್ಯಾಡಗಿಯ ಬಿಸಿಲು ಮತ್ತು ಕಂಪ್ಯೂಟರಿನ ಪರದೆ

ಧಾರವಾಡ ಜಿಲ್ಲೆಯಿಂದ 1997ರಲ್ಲಿ ಬೇರ್ಪಟ್ಟು ರಚನೆಗೊಂಡ ಹಾವೇರಿ ಜಿಲ್ಲೆಯು ಶರಣರ, ದಾಸರ, ತ್ಯಾಗಿಗಳ ನೆನಪು ತುಂಬಿದ ಭೂಮಿ. ತುಂಗಭದ್ರೆಯ ದಡದ ಚೌಡದಾನಪುರವು ಅಂಬಿಗರ ಚೌಡಯ್ಯನವರ ಹೆಸರಿನೊಡನೆ ಬೆಸೆದುಕೊಂಡಿದೆ. ರಾಣೆಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಜನ್ಮವೆತ್ತಿದ ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರು 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಸಂಗತಿಯನ್ನು ಈ ಪತ್ರಿಕೆಯ ಓದುಗ ಬಂಧುಗಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಬ್ಯಾಡಗಿ ತಾಲೂಕಿನಲ್ಲಿಯೇ ಕನಕದಾಸರ ಕಾಗಿನೆಲೆಯಿದೆ, ಕದರಮಂಡಲಗಿಯ ಆಂಜನೇಯನಿದ್ದಾನೆ, 1943ರಲ್ಲಿ ಹೊಸರಿತ್ತಿಯಲ್ಲಿ ಹುತಾತ್ಮರಾದ ಮೈಲಾರ ಮಹಾದೇವಪ್ಪನವರ ಮೋಟೆಬೆನ್ನೂರಿದೆ. ಇಂತಹ ಸ್ಥಳಗಳ ಮಹಿಮೆಯನ್ನು ಬರೆಯುವುದು ಪ್ರವಾಸ ಲೇಖನಗಳ ವಾಡಿಕೆ. ಆದರೆ ಈ ಸಲ ನಾವು ಬರೆಯಹೊರಟಿರುವುದು ಬ್ಯಾಡಗಿಯ ಪೇಟೆಯೊಳಗಿನ ಒಂದು ಅಂಗಡಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಕಪ್ಪಾಗುತ್ತಿದ್ದ ಒಂದು ಕಂಪ್ಯೂಟರ್ ಪರದೆಯ ವಿಚಾರ. ವಿಷಯ ಸಣ್ಣದೆಂದು ಯಾರೂ ಪುಟ ತಿರುವಿಬಿಡಬಾರದಾಗಿ ವಿನಂತಿ. ಈಗ ಮಠಗಳಲ್ಲಿ, ಶಾಲೆಗಳಲ್ಲಿ, ಭಕ್ತರ ಮನೆಗಳಲ್ಲಿ ಈ ಯಂತ್ರವಿಲ್ಲದ ಸ್ಥಳ ಅಪರೂಪ. ಬೇಸಗೆಯೋ ಎಲ್ಲರಿಗೂ ಸಮಾನ.

ಹಾವೇರಿಯಿಂದ ರಾಣೆಬೆನ್ನೂರಿನ ಕಡೆಗೆ ಹೆದ್ದಾರಿಯಲ್ಲಿ ಸಾಗುತ್ತ ಮೋಟೆಬೆನ್ನೂರಿನಲ್ಲಿ ತಿರುಗಿದರೆ, ಊರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ತಿಳಿಯುತ್ತದೆ. ರೈಲಿನಲ್ಲಿ ಬಂದವರಿಗೂ ಇದೇ ಅನುಭವ. ಮೆಣಸಿನಕಾಯಿಯ ಆ ಘಾಟು ಮೊದಲು ಸೀನನ್ನೂ ಆಮೇಲೆ ಕೆಮ್ಮನ್ನೂ ತರಿಸಿ, ಅರ್ಧ ದಿನದ ಮೇಲೆ ಹೇಗೋ ಹೊಂದಿಕೊಂಡುಬಿಡುತ್ತದೆ. ಊರಿನವರನ್ನು ಕೇಳಿದರೆ, 'ಘಾಟಾ? ಎಲ್ಲೈತ್ರಿ?' ಎಂದು ನಮ್ಮನ್ನೇ ಮರುಪ್ರಶ್ನಿಸುತ್ತಾರೆ. ಸೋಮವಾರ ಮತ್ತು ಗುರುವಾರ ಇಲ್ಲಿಯ ಮಾರುಕಟ್ಟೆಯ ದಿನಗಳು. ಸುಗ್ಗಿಯ ಕಾಲದಲ್ಲಿ ಆ ದಿನಗಳಂದು ಪ್ರಾಂಗಣವೆಲ್ಲ ಕೆಂಪು ಚೀಲಗಳ ರಾಶಿ. ಧಾರವಾಡ, ಗದಗ, ಬಳ್ಳಾರಿ, ರಾಯಚೂರು ಸೀಮೆಗಳಿಂದಲೂ ಆಂಧ್ರದ ಕಡೆಯಿಂದಲೂ ಕಾಯಿ ಬರುತ್ತದೆ. ಡಬ್ಬಿ, ಕಡ್ಡಿ ಎಂಬ ಎರಡು ಜಾತಿಗಳು ಇಲ್ಲಿ ಹೆಸರುವಾಸಿ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದೇ ಬ್ಯಾಡಗಿ ಮೆಣಸಿನಕಾಯಿಯ ಹಿರಿಮೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಇದರಿಂದ ತೆಗೆಯುವ ಕೆಂಪು ಸತ್ವವು ಆಹಾರ ಪದಾರ್ಥಗಳಿಗೂ ತುಟಿಗೆ ಹಚ್ಚುವ ಬಣ್ಣಕ್ಕೂ ಬಳಕೆಯಾಗುತ್ತದೆಂದು ಕೇಳಿ ನಮ್ಮೊಡನಿದ್ದ ಹಿರಿಯ ತಾಯಿಯೊಬ್ಬರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಕಳೆದ ಮಾರ್ಚ್ ತಿಂಗಳ ಕೊನೆಯ ವಾರ, ಒಂದು ಶಿವಾನುಭವ ಗೋಷ್ಠಿಯ ನಿಮಿತ್ತ ನಾವು ಆ ಊರಿನಲ್ಲಿ ನಾಲ್ಕು ದಿನ ಉಳಿಯಬೇಕಾಯಿತು. ಇಳಿದುಕೊಂಡದ್ದು ಸದ್ಭಕ್ತರಾದ ಒಬ್ಬ ದಲಾಲಿ ವರ್ತಕರ ಮನೆಯಲ್ಲಿ. ಸೋಮವಾರ ಪ್ರಸಾದವಾದ ಮೇಲೆ ಯಜಮಾನರು 'ಅಂಗಡಿಗೆ ಪಾದ ಬೆಳಸಬೇಕ್ರಿ' ಎಂದು ಕರೆದೊಯ್ದರು. ಹೊತ್ತು ಎರಡು ಗಂಟೆ ದಾಟಿತ್ತು. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಹತ್ತು ಹನ್ನೆರಡು ಮಂದಿ ರೈತರು ಟವೆಲ್ಲಿನಿಂದ ಗಾಳಿ ಹಾಕಿಕೊಳ್ಳುತ್ತ ಕುಳಿತಿದ್ದರು. ತೂಕವಾಗಿತ್ತು, ದರ ಗೊತ್ತಾಗಿತ್ತು, ಆದರೆ ಲೆಕ್ಕದ ಪಟ್ಟಿ ಕೈಗೆ ಬಂದಿರಲಿಲ್ಲ. ಒಳಗೆ ದಿವಾನಜಿ ಹುಡುಗನು ಕಪ್ಪು ಪರದೆಯ ಮುಂದೆ ಕೈಕಟ್ಟಿ ಕುಳಿತಿದ್ದನು.

'ದಿನಾ ಹಿಂಗ ಆಗತೈತ್ರಿ ಸ್ವಾಮ್ಯಾರ. ಹೊತ್ತೇರಿತಂದ್ರ ಪಟ್ ಅಂತ ಕಪ್ಪ. ಅರ್ಧಾ ತಾಸು ಬಿಟ್ರ ತಾನಾಗೇ ಬರತೈತಿ, ಮತ್ತ ಹೋಗತೈತಿ' ಎಂದನು.

ಕುಂದಗೋಳದ ಕಡೆಯಿಂದ ಬಂದಿದ್ದ ರೈತರೊಬ್ಬರು ಬಾಗಿಲಲ್ಲಿ ನಿಂತು, 'ನಾಕ ಮಂದಿ ಕೂಡಿ ಟೆಂಪೋ ಮಾಡ್ಕೊಂಡ ಬಂದೇವ್ರಿ. ಒಬ್ಬರದ ಪಟ್ಟಿ ಆಗಿಲ್ಲಂದ್ರ ನಾಲ್ವರೂ ಕೂಡಬೇಕು, ಗಾಡಿಯವ ತಾಸಿನ ಲೆಕ್ಕಾ ಹಚ್ಚತಾನ' ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ವರ್ಷದ ದುಡಿಮೆಯ ಹಣ ಆ ಪಟ್ಟಿಯಲ್ಲಿತ್ತು.

ಬ್ಯಾಡಗಿಯಲ್ಲಿ ಪರದೆಯ ಮೇಲೆ ಮೂಡುವ ಅಂಕಿಗಳು ಹಗುರವಾದುವಲ್ಲ. ಹಿಂದೆ ಕೂಗಿ ಹರಾಜು ಮಾಡುತ್ತಿದ್ದ ಕಾಲ ಹೋಯಿತು. ಈಗ ಪ್ರತಿ ರಾಶಿಗೂ ಒಂದು ಸಂಖ್ಯೆ. ವರ್ತಕರು ಕಾಯಿಯನ್ನು ನೋಡಿ ತಮ್ಮ ದರವನ್ನು ಕಂಪ್ಯೂಟರಿನಲ್ಲಿ ನಮೂದಿಸುತ್ತಾರೆ, ವೇಳೆ ಮುಗಿದೊಡನೆ ಹೆಚ್ಚಿನ ದರ ಹೊರಬೀಳುತ್ತದೆ. ಕರ್ನಾಟಕದ ಮಾರುಕಟ್ಟೆಗಳನ್ನು ಒಂದೇ ಜಾಲಕ್ಕೆ ತರುವ ಏಕೀಕೃತ ವೇದಿಕೆಯು 2014ರಲ್ಲಿ ಆರಂಭವಾಯಿತು. 2024ರ ಮಾರ್ಚ್ 11ರ ಸೋಮವಾರ ದರ ಕುಸಿಯಿತೆಂದು ಸಿಡಿದೆದ್ದ ಜನರು ಇದೇ ಊರಿನಲ್ಲಿ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದುದನ್ನು ನಾಡೆಲ್ಲ ಕಂಡಿತು. ಆ ಕೃತ್ಯವನ್ನು ನಾವು ಒಪ್ಪಲಾರೆವು. ಆದರೆ ಪರದೆಯ ಮೇಲಿನ ಒಂದು ಸಾಲಿನ ಮೇಲೆ ಎಷ್ಟು ಮನೆಗಳ ಅನ್ನ ನಿಂತಿದೆಯೆಂಬುದು ಅಂದು ಸ್ಪಷ್ಟವಾಯಿತು. ಆದ್ದರಿಂದ ಆ ಪರದೆ ಕಪ್ಪಾದರೆ ಅದು ಯಂತ್ರದವನ ತಲೆನೋವು ಮಾತ್ರವೆಂದು ತಳ್ಳಿಹಾಕುವಂತಿಲ್ಲ.

ಯಜಮಾನರು ಹೇಳಿದ ಸಂಗತಿ ಇನ್ನೂ ಕುತೂಹಲಕರವಾಗಿತ್ತು. ಹಿಂದಿನ ಬೇಸಗೆಯಲ್ಲಿ ಹೀಗೆಯೇ ಆದಾಗ ರಿಪೇರಿಯವನು 'ಇದರ ಆಯುಷ್ಯ ಮುಗಿದಿದೆ' ಎಂದನಂತೆ. ಹೊಸದನ್ನು ತಂದರು. ಮಳೆಗಾಲ, ಚಳಿಗಾಲ ಸುಖವಾಗಿ ಕಳೆದು, ಶಿವರಾತ್ರಿ ಮುಗಿದು ಬಿಸಿಲೇರಿದೊಡನೆ ಹೊಸದಕ್ಕೂ ಅದೇ ರೋಗ! ರೋಗಿಯನ್ನು ಬದಲಾಯಿಸಿದರೂ ರೋಗ ಹೋಗದಿದ್ದಲ್ಲಿ ರೋಗವಿರುವುದು ಮಂಚದಲ್ಲಿ ಎಂದು ತಿಳಿಯಬೇಕಷ್ಟೆ. ನಾವು ಯಂತ್ರಶಾಸ್ತ್ರ ಓದಿದವರಲ್ಲ. ಆದರೂ ಗ್ರಂಥಸಂಪಾದನೆಯ ಕೆಲಸದಲ್ಲಿ ಮೂವತ್ತು ಬೇಸಗೆಗಳನ್ನು ಇಂತಹ ಪರದೆಗಳ ಮುಂದೆ ಕಳೆದಿರುವುದರಿಂದ ಅವುಗಳ ಸ್ವಭಾವ ಅಷ್ಟಿಷ್ಟು ತಿಳಿದಿದೆ.

ಮಾನಿಟರನ್ನು ಇಟ್ಟಿದ್ದ ಸ್ಥಳವನ್ನು ನೋಡಿದೆವು. ಮೆಣಸಿನಕಾಯಿಯ ಧೂಳು ಬೀಳಬಾರದೆಂದು ಬಡಿಗರಿಂದ ಪ್ಲೈವುಡ್ಡಿನ ಒಂದು ಗೂಡು ಮಾಡಿಸಿದ್ದರು. ಹಿಂದೆ, ಮೇಲೆ, ಎರಡು ಪಕ್ಕ ಮುಚ್ಚಿ, ಮುಂದೆ ಮಾತ್ರ ತೆರೆದ ಗೂಡು. ದೇವರ ಜಗಲಿಯಂತೆ ಅಚ್ಚುಕಟ್ಟು. ಮಾನಿಟರಿನ ನೆತ್ತಿಗೆ ಪ್ಲಾಸ್ಟಿಕ್ ಹೊದಿಕೆ. ಅದರ ಮೇಲೆ ಆಯುಧ ಪೂಜೆಯಂದು ಹಾಕಿದ ಹೂವಿನ ಹಾರ ಒಣಗಿ ಕುಳಿತಿತ್ತು, ವಿಭೂತಿಯ ಮೂರು ಗೆರೆಗಳು ಸರಿಯಾಗಿ ಗಾಳಿಯಾಡುವ ಸಂದುಗಳ ಮೇಲೆಯೇ ಬಿದ್ದಿದ್ದವು. ವಿದ್ಯುತ್ತನ್ನು ಇಳಿಸಿ ಕೊಡುವ ಅಡಾಪ್ಟರ್ ಎಂಬ ಕಪ್ಪು ಇಟ್ಟಿಗೆಯು ಹಳೆಯ ಲೆಕ್ಕದ ವಹಿಗಳ ಅಡಿಯಲ್ಲಿ ಹೂತುಹೋಗಿತ್ತು. ತಲೆಯ ಮೇಲೆ ತಗಡಿನ ಮಾಡು. ಎದುರಿಗೆ ಪಶ್ಚಿಮದ ಕಿಟಕಿ. ಮಧ್ಯಾಹ್ನದ ಬಿಸಿಲು ನೇರವಾಗಿ ಪರದೆಯ ಮೇಲೆ. ಬಿಸಿಲಿನಲ್ಲಿ ಅಕ್ಷರ ಕಾಣದೆಂದು ಹುಡುಗನು ಬೆಳಕನ್ನು ಕೊನೆಯ ಮಟ್ಟಕ್ಕೆ ಏರಿಸಿದ್ದನು. ಬೆಳಕು ಏರಿದಷ್ಟೂ ಒಳಗಿನ ಬಿಸಿ ಏರುತ್ತದೆ.

ಇವೆಲ್ಲವನ್ನೂ ಮೀರಿದ ಒಂದು ಸಂಗತಿ ನಮ್ಮ ಎದೆಯನ್ನು ನಡುಗಿಸಿತು. ಪರದೆ ಆರಿದಾಗ ಬೇಗ ತಣ್ಣಗಾಗಲೆಂದು ಹುಡುಗನು ಅದರ ಬೆನ್ನಿಗೆ ಒದ್ದೆ ಟವೆಲ್ ಹಾಕುತ್ತಿದ್ದನು! 'ಮಡಿಕ್ಯಾಗಿನ ನೀರು ತಣ್ಣಗ ಆಗೂದಿಲ್ರೀ, ಹಂಗ' ಎಂಬುದು ಅವನ ತರ್ಕ. ಮಡಕೆಯ ವಿಷಯದಲ್ಲಿ ಅವನ ಮಾತು ದಿಟ. ಮಣ್ಣಿನ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗಿ ಹೋಗುವಾಗ ಒಳಗಿನ ಬಿಸಿಯನ್ನೂ ಕೊಂಡೊಯ್ಯುತ್ತದೆ. ಆದರೆ ವಿದ್ಯುತ್ ಹರಿಯುವ ಯಂತ್ರದ ಸಂದಿನಲ್ಲಿ ಒಂದು ಹನಿ ಇಳಿದರೂ ಯಂತ್ರ ಸುಡಬಹುದು, ಮುಟ್ಟಿದವನ ಜೀವಕ್ಕೂ ಕುತ್ತು ಬರಬಹುದು. ಟವೆಲ್ಲನ್ನು ಆ ಕ್ಷಣವೇ ತೆಗೆಸಿದೆವು. ಮನೆಗಳಲ್ಲಿಯೂ ಈ ಉಪಾಯ ಮಾಡುವವರಿದ್ದರೆ ದಯವಿಟ್ಟು ಇಂದೇ ಬಿಡಬೇಕು.

ಹಳೆಯ ಮಾನಿಟರುಗಳ ಕಾಲವನ್ನು ಬಲ್ಲವರಿಗೆ ಈ ಬಿಸಿಯ ಕಥೆ ಹೊಸದಲ್ಲ. 1990ರ ದಶಕದಲ್ಲಿ ಮಠಗಳಿಗೂ ಮುದ್ರಣಾಲಯಗಳಿಗೂ ಕನ್ನಡದ ಅಕ್ಷರಜೋಡಣೆ ಕಂಪ್ಯೂಟರಿನ ಮೂಲಕ ಬಂದಾಗ, ಮೇಜಿನ ಮೇಲೆ ಕುಂಬಳಕಾಯಿಯಂತೆ ಹಿಂದಕ್ಕೆ ಉಬ್ಬಿದ ಗಾಜಿನ ಕೊಳವೆಯ ಮಾನಿಟರುಗಳಿದ್ದವು. ಅವುಗಳೊಳಗೆ ಸುಮಾರು 25,000 ವೋಲ್ಟಿನ ಒತ್ತಡದಲ್ಲಿ ಎಲೆಕ್ಟ್ರಾನುಗಳು ಧಾವಿಸಿ ಗಾಜಿನ ಒಳಮೈಗೆ ಬಡಿದು ಅಕ್ಷರಗಳನ್ನು ಬೆಳಗಿಸುತ್ತಿದ್ದವು. 17 ಅಂಗುಲದ ಒಂದು ಮಾನಿಟರು 80ರಿಂದ 100 ವ್ಯಾಟ್ ವಿದ್ಯುತ್ತನ್ನು ನುಂಗುತ್ತಿತ್ತು. ಸಣ್ಣ ಕೋಣೆಯಲ್ಲಿ ಎರಡಿದ್ದರೆ ಒಲೆ ಹಚ್ಚಿದಂತೆಯೇ. ಬೆಕ್ಕು ಚಳಿಗಾಲದಲ್ಲಿ ಅದರ ನೆತ್ತಿಯನ್ನೇರಿ ಮಲಗುತ್ತಿದ್ದುದನ್ನು ಎಷ್ಟೋ ಮಂದಿ ಕಂಡಿರಬಹುದು. ಈಗಿನ ಚಪ್ಪಟೆ ಪರದೆಗೆ ಇಪ್ಪತ್ತು ಮೂವತ್ತು ವ್ಯಾಟ್ ಸಾಕು. ಹಾಗಾಗಿ 'ಈಗಿನವು ಬಿಸಿಯಾಗುವುದಿಲ್ಲ' ಎಂಬ ನಂಬಿಕೆ ಬೆಳೆದಿದೆ. ಬಿಸಿ ಕಡಿಮೆಯೆಂಬುದು ಸರಿ, ಇಲ್ಲವೇ ಇಲ್ಲವೆಂಬುದು ತಪ್ಪು. ಇವಕ್ಕೆ ಬೀಸಣಿಗೆಯಿಲ್ಲ. ಒಳಗೆ ಕಾದ ಗಾಳಿ ತಾನಾಗಿ ಮೇಲೆದ್ದು ಮೇಲಿನ ಸಂದುಗಳಿಂದ ಹೊರಹೋಗಬೇಕು, ಕೆಳಗಿನಿಂದ ತಂಪು ಗಾಳಿ ಒಳಬರಬೇಕು. ಅದೇ ಅದರ ಉಸಿರಾಟ. ಹೆಚ್ಚಿನ ಮಾನಿಟರುಗಳ ಜೊತೆ ಬರುವ ಕೈಪಿಡಿಯಲ್ಲಿ, ಸುತ್ತಲಿನ ಗಾಳಿ 35 ಅಥವಾ 40 ಡಿಗ್ರಿ ಸೆಲ್ಸಿಯಸ್ ಮೀರದಂತೆ ಬಳಸಬೇಕೆಂದು ಸ್ಪಷ್ಟವಾಗಿ ಬರೆದಿರುತ್ತದೆ. ಆ ಕೈಪಿಡಿಯನ್ನು ನಾವು ಡಬ್ಬಿಯ ಜೊತೆಗೆ ಅಟ್ಟಕ್ಕೆ ಏರಿಸಿಬಿಡುತ್ತೇವೆ.

ಯಜಮಾನರ ಮನೆಯಿಂದ ಗೋಡೆಯ ಉಷ್ಣಮಾಪಕವನ್ನು ತರಿಸಿ ಗೂಡಿನೊಳಗೆ ಇರಿಸಿದೆವು. ಪಾದರಸ ಮೆಲ್ಲಮೆಲ್ಲನೆ ಏರಿ ನಲವತ್ತರ ಗೆರೆಯನ್ನು ದಾಟಿತು. ಬಾಗಿಲ ಬಳಿಯ ನೆರಳಿನಲ್ಲಿ ಅದೇ ಮಾಪಕ ನಲವತ್ತನ್ನು ಮುಟ್ಟಲೇ ಇಲ್ಲ. ಕಟ್ಟೆಯ ಮೇಲಿದ್ದ ರೈತರೂ ಎದ್ದು ಬಂದು ನೋಡಿದರು. 'ಹೊರಗಿನ ಬಿಸಲಕಿಂತ ಒಳಗಿಂದ ಜಾಸ್ತಿ ಆತಲ್ರೀ' ಎಂದು ಕುಂದಗೋಳದವರು ಸರಿಯಾಗಿ ಹೇಳಿದರು.

ಆಗ ನಮಗೆ ಹಿಂದಿನ ದಿನ ನೋಡಿದ ಶೈತ್ಯಾಗಾರದ ನೆನಪಾಯಿತು. ಊರವರು ಅದನ್ನು ಕೋಲ್ಡ್ ಸ್ಟೋರೇಜ್ ಎಂದೇ ಕರೆಯುತ್ತಾರೆ. ಬ್ಯಾಡಗಿಯ ಸುತ್ತ ಇಂತಹ ಕಟ್ಟಡಗಳು ಹಲವಿವೆ. ಹೊರಗೆ ಬೆಂಕಿಯಂತಹ ಬಿಸಿಲು, ಒಳಗೆ ಕಂಬಳಿ ಬೇಕೆನಿಸುವ ಚಳಿ, ಅಟ್ಟಣೆಯ ಮೇಲೆ ಅಟ್ಟಣೆಯಾಗಿ ಮೆಣಸಿನಕಾಯಿಯ ಚೀಲಗಳು. ಕಾಯಿಯ ಕೆಂಪು ಬಣ್ಣಕ್ಕೆ ಬಿಸಿ, ಬೆಳಕು, ಗಾಳಿ ಮೂರೂ ಶತ್ರುಗಳು. ಬಣ್ಣ ಇಳಿದರೆ ಬೆಲೆ ಇಳಿಯಿತು. ಇದನ್ನು ಬ್ಯಾಡಗಿಯ ಹತ್ತು ವರ್ಷದ ಹುಡುಗನೂ ಬಲ್ಲ. ಅಂಗೈಯಲ್ಲಿ ಕಾಯಿ ಮುರಿದು ತೇವವೆಷ್ಟು, ಬಣ್ಣವೆಷ್ಟು ಎಂದು ಹೇಳುವ ಈ ವರ್ತಕರ ಪಾಂಡಿತ್ಯದ ಮುಂದೆ ನಮ್ಮ ವ್ಯಾಕರಣ ಪಾಂಡಿತ್ಯ ಏನೂ ಅಲ್ಲ. ಒಂದು ಚೀಲ ಕಾಯಿಯನ್ನು ಪಶ್ಚಿಮದ ಕಿಟಕಿಗೆ ಎದುರಾಗಿ, ತಗಡಿನ ಕೆಳಗೆ, ಗಾಳಿಯಾಡದ ಗೂಡಿನಲ್ಲಿ ಮೂರು ತಿಂಗಳು ಇಡಿರೆಂದರೆ ಯಜಮಾನರು ನಮ್ಮನ್ನು ಹುಚ್ಚರೆಂದು ಭಾವಿಸಿಯಾರು. ಅದೇ ಸ್ಥಳದಲ್ಲಿ ಹನ್ನೊಂದು ಸಾವಿರ ರೂಪಾಯಿಯ ಮಾನಿಟರನ್ನು ಇಟ್ಟಿದ್ದರು. ಈ ಹೋಲಿಕೆಯನ್ನು ಹೇಳಿದಾಗ ಅವರು ಕ್ಷಣಕಾಲ ಸುಮ್ಮನಿದ್ದು, 'ಹಂಗಾರ ಅದನ್ನೂ ಕೋಲ್ಡ್ ಸ್ಟೋರೇಜಿಗೆ ಹಾಕೂಣೇನ್ರಿ?' ಎಂದು ನಕ್ಕರು.

ನಗೆಯ ಮಾತಾದರೂ ಅದರಲ್ಲಿ ತಿಳಿಯಬೇಕಾದುದಿದೆ. ಶೈತ್ಯಾಗಾರದಿಂದ ಚೀಲವನ್ನು ಒಮ್ಮೆಲೆ ಬಿಸಿಗಾಳಿಗೆ ತಂದರೆ ಅದು ಬೆವರುತ್ತದೆ, ಬೆವರಿದ ಕಾಯಿಗೆ ಬೂಷ್ಟು ಹಿಡಿಯುತ್ತದೆ. ಪರದೆಯೂ ಹಾಗೆಯೇ. ತಂಪು ಯಂತ್ರವಿರುವ ಕೋಣೆಯಿಂದ ಸೆಕೆಯ ಕೋಣೆಗೆ ತಂದ ಮಾನಿಟರನ್ನು ತಕ್ಷಣ ಹಚ್ಚಬಾರದು. ಒಂದೆರಡು ತಾಸು ಹಾಗೆಯೇ ಬಿಟ್ಟು, ಮೈಯ ತೇವ ಆರಿದ ಮೇಲೆ ಹಚ್ಚಬೇಕು. ನೀರು ಹಾಕುವ ಕೂಲರಿನ ಗಾಳಿಯನ್ನು ನೇರವಾಗಿ ಅದರ ಮೇಲೆ ಬಿಡುವುದೂ ಒಳ್ಳೆಯದಲ್ಲ, ಆ ಗಾಳಿಯಲ್ಲಿ ತೇವವಿರುತ್ತದೆ.

ಮಂಗಳವಾರ ಬಡಿಗರು ಬಂದರು. ಗೂಡಿನ ಹಿಂದಿನ ಮತ್ತು ಮೇಲಿನ ಹಲಗೆಗಳನ್ನು ತೆಗೆಸಿ, ಮಾನಿಟರನ್ನು ಕಿಟಕಿಗೆ ಪಕ್ಕವಾಗುವಂತೆ ಇರಿಸಲಾಯಿತು. ಬೆನ್ನಿಗೂ ಗೋಡೆಗೂ ನಡುವೆ ನಾಲ್ಕು ಬೆರಳಿಗೆ ಕಡಿಮೆಯಿಲ್ಲದ ಸಂದು, ನೆತ್ತಿಯ ಮೇಲೆ ಒಂದು ಗೇಣು ಬಯಲು. ಅಡಾಪ್ಟರನ್ನು ವಹಿಗಳ ಸಮಾಧಿಯಿಂದ ಮೇಲೆತ್ತಿ ಗಾಳಿಯಾಡುವ ಹಲಗೆಯ ಮೇಲಿಟ್ಟೆವು. ನಮ್ಮ ಅನುಮಾನದಂತೆ ನಡುನಡುವೆ ಕೆಲಸ ನಿಲ್ಲಿಸುತ್ತಿದ್ದುದರಲ್ಲಿ ಅದರ ಪಾಲೇ ಹೆಚ್ಚು. ಮಿತಿಮೀರಿ ಕಾದಾಗ ಅಡಾಪ್ಟರು ತಾನೇ ವಿದ್ಯುತ್ತನ್ನು ತಡೆದು, ತಣಿದ ಮೇಲೆ ಮತ್ತೆ ಬಿಡುವುದುಂಟು. ಹೀಗೆ ದಿನವೂ ಕಾಯುವ ಯಂತ್ರಗಳೊಳಗೆ ಕೆಪಾಸಿಟರ್ ಎಂಬ ಪುಟ್ಟ ಡಬ್ಬಿಗಳು ಮೊದಲು ಸೋಲುತ್ತವೆ. ಬಿಸಿ ಹತ್ತು ಡಿಗ್ರಿ ಏರಿದರೆ ಅವುಗಳ ಆಯುಷ್ಯ ಸುಮಾರು ಅರ್ಧವಾಗುತ್ತದೆಂಬುದು ಯಂತ್ರಜ್ಞರ ಲೆಕ್ಕ. ನೆತ್ತಿ ಉಬ್ಬಿದ ಕೆಪಾಸಿಟರ್ ಕಂಡರೆ ಅದನ್ನು ಬದಲಿಸಬೇಕು. ಇಡೀ ಮಾನಿಟರನ್ನೇ ಎಸೆಯಬೇಕಾಗಿಲ್ಲ. ಆದರೆ ಆ ಕೆಲಸ ಬಲ್ಲವನದು, ಮನೆಯ ಮಕ್ಕಳದಲ್ಲ.

ಧೂಳಿನದು ಬ್ಯಾಡಗಿಗೆ ವಿಶೇಷವಾದ ತೊಡಕು. ಮೆಣಸಿನಕಾಯಿಯ ಧೂಳಿನಲ್ಲಿ ಎಣ್ಣೆಯ ಅಂಶವಿರುವುದರಿಂದ ಅದು ಹಾರಿ ಹೋಗದೆ ಅಂಟಿಕೊಳ್ಳುತ್ತದೆ. ಸಂದುಗಳಲ್ಲಿ ಕೆಂಪು ಹೆಪ್ಪು ಕಟ್ಟುತ್ತದೆ. ಗೂಡು ಮಾಡಿಸಿದ ಯಜಮಾನರ ಉದ್ದೇಶ ತಪ್ಪಲ್ಲ, ಧೂಳನ್ನು ತಡೆಯಹೋಗಿ ಉಸಿರನ್ನೂ ತಡೆದಂತಾಯಿತಷ್ಟೆ. ಕೆಲಸ ಮುಗಿದು, ಯಂತ್ರ ಆರಿಸಿ, ಬಿಸಿ ಇಳಿದ ಮೇಲೆ ತೆಳುವಾದ ಹತ್ತಿಯ ಬಟ್ಟೆ ಹೊದಿಸುವುದು, ಬೆಳಗ್ಗೆ ಹಚ್ಚುವ ಮೊದಲು ಅದನ್ನು ಪೂರ್ತಿ ತೆಗೆಯುವುದು, ವಾರಕ್ಕೊಮ್ಮೆ ಪ್ಲಗ್ ಕಿತ್ತು ಒಣ ಮೆತ್ತನೆಯ ಕುಂಚದಿಂದ ಸಂದುಗಳನ್ನು ಗುಡಿಸುವುದು ಎಂದು ಗೊತ್ತುಮಾಡಿದೆವು. ಬಾಯಿಂದ ಊದಬಾರದು, ಎಂಜಲು ಒಳಗೆ, ಖಾರ ಕಣ್ಣಿಗೆ! ವಿಭೂತಿಯನ್ನು ಧರಿಸಬೇಕಾದವರು ನಾವು. ಯಂತ್ರಕ್ಕೆ ಮುಂದಿನ ಚೌಕಟ್ಟಿನ ಮೇಲೆ ಒಂದು ಬೊಟ್ಟು ಇಟ್ಟರೆ ಶಾಸ್ತ್ರಕ್ಕೆ ಸಾಕು. ಅದನ್ನು ಶುಚಿಯಾಗಿಟ್ಟು ರೈತನ ಪಟ್ಟಿಯನ್ನು ಹೊತ್ತಿಗೆ ಸರಿಯಾಗಿ ಕೊಡುವುದಕ್ಕಿಂತ ದೊಡ್ಡ ಆಯುಧ ಪೂಜೆ ಕಾಯಕ ಧರ್ಮದಲ್ಲಿ ಬೇರೊಂದಿದೆಯೆಂದು ನಮಗೆ ತೋರದು.

ಉಳಿದುದು ತಗಡಿನ ಮಾಡು. ಎಲ್ಲ ಅಂಗಡಿಗಳಿಗೂ ತಂಪು ಯಂತ್ರ ಹಾಕಿಸುವ ಶಕ್ತಿ ಇರುವುದಿಲ್ಲ, ಬೇಸಗೆಯಲ್ಲಿ ವಿದ್ಯುತ್ತಿನ ಏರಿಳಿತವೂ ಉಂಟು. ತಗಡಿನ ಹೊರಮೈಗೆ ಸುಣ್ಣ ಬಳಿಸಿದರೆ ಬಿಳುಪು ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಒಳಗೆ ಸೆಕೆ ಇಳಿಯುತ್ತದೆ. ಬುಧವಾರ ಹಮಾಲರಲ್ಲೊಬ್ಬರು ಏಣಿಯೇರಿ ಎರಡು ಸಲ ಸುಣ್ಣ ಬಳಿದರು. ಪಶ್ಚಿಮದ ಕಿಟಕಿಗೆ ಬಿದಿರಿನ ತಟ್ಟಿ ಇಳಿಬಿಟ್ಟೆವು. ಬಿಸಿಲು ತಪ್ಪಿದ್ದರಿಂದ ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿದರೂ ಅಕ್ಷರ ಚೆನ್ನಾಗಿ ಕಂಡಿತು; ಹುಡುಗನು 'ಕಣ್ಣುರಿನೂ ಕಡಿಮಿ ಆತ್ರಿ' ಎಂದನು. ಊಟಕ್ಕೆ ಏಳುವಾಗ ಪರದೆಯನ್ನು ಆರಿಸಬೇಕೆಂದು ಹೇಳಿದೆವು. ಬಣ್ಣದ ಚಿತ್ರಗಳು ಓಡಾಡುವ ಸ್ಕ್ರೀನ್ ಸೇವರ್ ಹಾಕಿದರೆ ವಿಶ್ರಾಂತಿ ಕೊಟ್ಟಂತೆ ಎಂದು ಅವನು ತಿಳಿದಿದ್ದನು. ಅದು ಹಳೆಯ ಗಾಜಿನ ಮಾನಿಟರುಗಳಲ್ಲಿ ಒಂದೇ ಚಿತ್ರದ ಕಲೆ ಉಳಿಯಬಾರದೆಂದು ಮಾಡಿದ ಏರ್ಪಾಡು. ಅದರಿಂದ ಬಿಸಿ ಇಳಿಯುವುದಿಲ್ಲ.

ಗುರುವಾರ ಮತ್ತೆ ಮಾರುಕಟ್ಟೆ. ನಮ್ಮ ಗೋಷ್ಠಿ ಸಂಜೆಗಿದ್ದುದರಿಂದ ಎರಡು ಗಂಟೆಗೆ ಅಂಗಡಿಗೆ ಹೋಗಿ ಕುಳಿತೆವು. ಎರಡಾಯಿತು, ಎರಡೂವರೆಯಾಯಿತು, ಮೂರೂ ಆಯಿತು. ಪರದೆ ಬೆಳಗುತ್ತಲೇ ಇತ್ತು. ಮುದ್ರಕದಿಂದ ಪಟ್ಟಿಯ ಮೇಲೆ ಪಟ್ಟಿ ಹೊರಬರುತ್ತಿದ್ದವು. ಕಟ್ಟೆಯ ಮೇಲೆ ಕೂತವರು ಇಬ್ಬರೇ, ಅವರೂ ಚಹಾಕ್ಕಾಗಿ ಕಾಯುತ್ತಿದ್ದವರು. ದಿವಾನಜಿ ಹುಡುಗನು ನಡುನಡುವೆ ಮಾನಿಟರಿನ ಬೆನ್ನನ್ನು ಮಗುವಿನ ಜ್ವರ ನೋಡುವಂತೆ ಮುಟ್ಟಿ ನೋಡುತ್ತಿದ್ದನು.

ಹೊರಡುವ ಮೊದಲು ಯಜಮಾನರು ಅಂಗಡಿಯ ಅಟ್ಟವನ್ನು ತೋರಿಸಿದರು. ಅಲ್ಲಿ ಎರಡು ಹಳೆಯ ಗಾಜಿನ ಮಾನಿಟರುಗಳು ಕೆಂಪು ಧೂಳು ಹೊದ್ದು ಮಲಗಿದ್ದವು. ಗುಜರಿಯವನು ಒಡೆದು ತಾಮ್ರ ತೆಗೆದುಕೊಳ್ಳುತ್ತೇನೆಂದು ಕೇಳಿದ್ದನಂತೆ. ಒಡೆಯಗೊಡಬಾರದೆಂದೆವು. ಆ ಗಾಜಿನಲ್ಲಿ ಸೀಸವಿದೆ, ಒಡೆದ ಚೂರು ಮಣ್ಣಿಗೆ ಬಿದ್ದರೆ ವಿಷ. ಒಳಗೆ ಗಾಳಿಯಿಲ್ಲದ ಕೊಳವೆಯಾದ್ದರಿಂದ ಪೆಟ್ಟು ಬಿದ್ದರೆ ಸಿಡಿದು ಗಾಯ ಮಾಡಬಲ್ಲದು. ಇಂತಹ ಇ-ತ್ಯಾಜ್ಯವನ್ನು ಪರವಾನಗಿ ಪಡೆದ ಸಂಗ್ರಾಹಕರಿಗೇ ಒಪ್ಪಿಸಬೇಕೆಂಬುದು ಸರ್ಕಾರದ ನಿಯಮವೂ ಹೌದು. ಹುಬ್ಬಳ್ಳಿಗೆ ಹೋಗುವ ಗಾಡಿಯಲ್ಲಿ ಅಲ್ಲಿಯ ಸಂಗ್ರಾಹಕರ ಬಳಿಗೆ ಕಳುಹಿಸುವುದಾಗಿ ಯಜಮಾನರು ಒಪ್ಪಿ, ಎರಡಕ್ಕೂ ಗೋಣಿತಟ್ಟು ಸುತ್ತಿ ಇಳಿಸುವಂತೆ ಹಮಾಲರಿಗೆ ಹೇಳಿದರು.